ಸೊಪ್ಪಿಗೆ ಸಲ್ಲದ ಬಹುಮಾನ

ಚೆನ್ನೈಯ ನಮ್ಮ ಕನ್ನಡ ಕುಟುಂಬಗಳಲ್ಲಿ ಈಚೆಗೆ ಹೊಸದೊಂದು ವ್ರತ ಆರಂಭವಾಗಿದೆ. ರಾತ್ರಿ ಊಟವಾದ ಮೇಲೆ ಮನೆಯ ಯಜಮಾನರು ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಹಜಾರದಲ್ಲಿಯೇ ಪ್ರದಕ್ಷಿಣೆ ಹಾಕುತ್ತಾರೆ. ಏಕೆಂದು ಕೇಳಿದರೆ, "ಇನ್ನೂ ಎಂಟುನೂರು ಹೆಜ್ಜೆ ಬಾಕಿ ಇದೆ ಸ್ವಾಮಿ, ಹತ್ತು ಸಾವಿರ ಮುಟ್ಟಿದರೆ ವಿಮಾ ಕಂಪೆನಿಯವರು ಪಾಯಿಂಟು ಕೊಡುತ್ತಾರೆ" ಎನ್ನುತ್ತಾರೆ. ನಡೆಯುವುದು ಒಳ್ಳೆಯದೇ. ನನ್ನ ತಕರಾರು ಹೆಜ್ಜೆಯ ಮೇಲಲ್ಲ. ಈ ಪಾಯಿಂಟುಗಳಿಂದ ಅಡಿಗೆಮನೆಯ ಖರ್ಚು ಇಳಿಯುತ್ತದೆ ಎಂಬ ಭ್ರಮೆಯ ಮೇಲೆ.

ನಾನೂ ಆ ಭ್ರಮೆಗೆ ಬಿದ್ದವನೇ. ವರ್ಷವಿಡೀ ನಡೆದು ಪಾಯಿಂಟು ಕೂಡಿಸಿದೆ. ಕೊನೆಗೊಂದು ಕೂಪನ್ನು ಬಂತು. ಅದಕ್ಕೆ ದೊರೆತದ್ದು ಡಬ್ಬಿಯಲ್ಲಿ ತುಂಬಿದ ಪ್ರೋಟೀನ್ ಪುಡಿ. ರಿಯಾಯಿತಿ ಕಳೆದ ಮೇಲೂ ಅದರ ಬೆಲೆ ನಮ್ಮ ಮನೆಯ ತಿಂಗಳ ರಾಗಿ, ಹೆಸರುಕಾಳುಗಳ ಖರ್ಚನ್ನು ಮೀರಿತ್ತು. ನನ್ನಾಕೆ ಡಬ್ಬಿಯನ್ನು ತಿರುಗಿಸಿ ನೋಡಿ, "ಇದನ್ನು ಹುಳಿಗೆ ಹಾಕಲೋ, ಪಲ್ಯಕ್ಕೆ ಹಾಕಲೋ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

"ಬಿಟ್ಟಿ ಬಂದದ್ದನ್ನು ಏಕೆ ಹಳಿಯುತ್ತೀರಿ? ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸುತ್ತಾರೆಯೇ?" ಎಂದು ಕೆಲವರು ಕೇಳಬಹುದು. ಇದು ದಾನವಲ್ಲ, ಬಂಧುಗಳೇ. ಈ ಎಮ್ಮೆಯನ್ನು ಕೊಂಡವರು ನಾವು. ಪ್ರೀಮಿಯಂ ಕಟ್ಟಿದವರು ನಾವು. ಹಲ್ಲು ಎಣಿಸುವ ಹಕ್ಕು ನಮಗಿದೆ.

ಎಣಿಸಿಯೇ ನೋಡೋಣ. ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಸೆಪ್ಟೆಂಬರಿನಲ್ಲಿ ಇಂಥ ಯೋಜನೆಗಳಿಗೆ ಮಾರ್ಗಸೂಚಿ ಹೊರಡಿಸಿತು. ವೈದ್ಯರ ಸಲಹೆ, ಔಷಧಿ, ತಪಾಸಣೆ, ಯೋಗಕೇಂದ್ರ, ವ್ಯಾಯಾಮಶಾಲೆ, ಪೂರಕ ಪೌಷ್ಟಿಕಗಳ ಕೂಪನ್ನು, ನವೀಕರಣದಲ್ಲಿ ಪ್ರೀಮಿಯಂ ಕಡಿತ — ಇವೆಲ್ಲ ಅಲ್ಲಿದ್ದವು. ಪುಡಿ, ಗುಳಿಗೆಗಳಿಗೆ ಸ್ಥಾನ ದೊರೆಯಿತು. ನುಗ್ಗೆಸೊಪ್ಪಿಗೆ, ರಾಗಿಗೆ ದೊರೆಯಲಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ರಾಗಿಗೆ ಬಣ್ಣದ ಡಬ್ಬಿಯಿಲ್ಲ, ಅದೇ ಅದರ ಅಪರಾಧ!

ಬೇರೆ ದಾರಿಯೇ ಇಲ್ಲವೆಂದಲ್ಲ. ದಕ್ಷಿಣ ಆಫ್ರಿಕಾದ ಡಿಸ್ಕವರಿ ಎಂಬ ವಿಮಾ ಸಂಸ್ಥೆ 2009ರಲ್ಲಿ ಪಿಕ್ ಅಂಡ್ ಪೇ ಅಂಗಡಿಗಳೊಡನೆ ಒಪ್ಪಂದ ಮಾಡಿಕೊಂಡು, ಹಣ್ಣು, ತರಕಾರಿ, ಧಾನ್ಯಗಳನ್ನು ಕೊಂಡ ಸದಸ್ಯರಿಗೆ ಶೇಕಡಾ 25ರವರೆಗೂ ಹಣ ಹಿಂದಿರುಗಿಸತೊಡಗಿತು. ಸದಸ್ಯರ ಖರೀದಿಯಲ್ಲಿ ಒಳ್ಳೆಯ ಆಹಾರದ ಪಾಲು ಹೆಚ್ಚಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ? ನಾವು ಕೇಳಲಿಲ್ಲ, ಅವರು ಕೊಡಲಿಲ್ಲ.

ಕೇಳಿ ಪಡೆಯುವವರೆಗೆ ಏನು ಮಾಡಬೇಕು? ಪಾಯಿಂಟು ಬಂದರೆ ಬಿಡಬೇಡಿ; ಆದರೆ ಕೂಪನ್ನಿನ ಬದಲು ಪ್ರೀಮಿಯಂ ಕಡಿತವನ್ನೇ ಆರಿಸಿಕೊಳ್ಳಿ. ಈ ಊರಿನಲ್ಲಿಯೇ ಕೇಂದ್ರ ಕಚೇರಿಯುಳ್ಳ ಸ್ಟಾರ್ ಹೆಲ್ತ್ ಸೇರಿದಂತೆ ಕೆಲವು ಕಂಪೆನಿಗಳ ಪಾಲಿಸಿಗಳಲ್ಲಿ ಈ ಸೌಲಭ್ಯವಿದೆ. ಕಡಿತ ಎಷ್ಟು, ಪಾಯಿಂಟಿನ ಅವಧಿ ಎಂದು ಮುಗಿಯುತ್ತದೆ, ನಮ್ಮ ನಿದ್ರೆ, ನಾಡಿಗಳ ಲೆಕ್ಕ ಯಾರ ಕೈ ಸೇರುತ್ತದೆ — ಮೂರನ್ನೂ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ.

ಇನ್ನೊಂದು ಲೆಕ್ಕ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. 25,000 ರೂಪಾಯಿ ಪ್ರೀಮಿಯಂ ಕಟ್ಟುತ್ತಿದ್ದವರಿಗೆ ಆ ತೆರಿಗೆಯೇ 4,500 ರೂಪಾಯಿ, ತಿಂಗಳಿಗೆ 375. ಮೂಲ ಪ್ರೀಮಿಯಂ ಏರದಿದ್ದರೆ, ಒಂದು ಹೆಜ್ಜೆಯನ್ನೂ ಎಣಿಸದೆ ಉಳಿಯುವ ಹಣವಿದು. ಅದನ್ನು ಸೊಪ್ಪು, ಕಾಳುಗಳಿಗೆಂದೇ ತೆಗೆದಿಡಿ. ಹಿಂದೆ ನಮ್ಮ ಹಿರಿಯರು ಕೊತ್ತವಾಲ್ ಚಾವಡಿಗೆ ಹೋಗಿ ಚೀಲ ತುಂಬಿಕೊಂಡು ಬರುತ್ತಿದ್ದರು. 1996ರಲ್ಲಿ ಆ ಸಗಟು ಮಾರುಕಟ್ಟೆ ಕೋಯಂಬೇಡಿಗೆ ಹೋಯಿತು. ನಾಲ್ಕು ಮನೆಯವರು ಕೂಡಿ ವಾರಕ್ಕೊಮ್ಮೆ ಅಲ್ಲಿಂದ ಸಗಟಾಗಿ ತಂದು ಹಂಚಿಕೊಂಡರೆ ಯಾವ ಕೂಪನ್ನೂ ಅದಕ್ಕೆ ಸಾಟಿಯಾಗದು.

ಕೊನೆಯದಾಗಿ, ಮನಸ್ಸಿಗೆ ಚುಚ್ಚುವ ಮಾತೊಂದಿದೆ. ಊರು ಬಿಟ್ಟು ಬಂದು ಈ ನಗರದ ಹೋಟೆಲುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಟ್ಟೆ ಹಿಡಿದು ಓಡಾಡುವ ನಮ್ಮ ಹುಡುಗರು ಹತ್ತು ಸಾವಿರಕ್ಕಿಂತ ಎಷ್ಟೋ ಹೆಚ್ಚು ಹೆಜ್ಜೆ ಹಾಕುತ್ತಾರೆ. ಆ ಹೆಜ್ಜೆಗೆ ಪಾಯಿಂಟು ಕೊಡುವವರಿಲ್ಲ. ಅವರಲ್ಲಿ ಎಷ್ಟು ಮಂದಿಗೆ ವಿಮೆಯಿದೆ ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ನಮ್ಮ ಸಂಘ ಮೊದಲು ಆ ಪಟ್ಟಿಯನ್ನು ಸಿದ್ಧಪಡಿಸಲಿ. ಅನಂತರ ಎಲ್ಲರ ಸಹಿ ಹಾಕಿಸಿ, ಬಹುಮಾನವನ್ನು ಡಬ್ಬಿಗಲ್ಲ, ಸೊಪ್ಪಿಗೆ, ರಾಗಿಗೆ ಕೊಡಿರೆಂದು ಕಂಪೆನಿಗಳಿಗೂ ಪ್ರಾಧಿಕಾರಕ್ಕೂ ಪತ್ರ ಬರೆಯಲಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಕೂಪನ್ನು ಬಲ್ಲವನಿಗೆ ಎಂದು ಅವರು ಹೇಳಲಿಲ್ಲ.