ಅಪ್ಪನ ಜೊತೆ ಸ್ಕ್ರೀನಿಂಗ್‌ಗೆ ಹೋಗೋ ಮೊದಲು

ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಇಂಗ್ಲಿಷ್ ರಿಪೋರ್ಟ್ ಓದಿ ಹೇಳೋ ಕೆಲಸ ನಮ್ಮದೇ. 'ಎಂಜಿನಿಯರಿಂಗ್ ಓದ್ತಿದೀಯಲ್ಲ, ನೋಡಿ ಹೇಳು' ಅಂತಾರೆ. ಹಾಗಾಗಿ ಅಪ್ಪನ ಶುಗರ್‌ಗೆ ಹೊಸ ಔಷಧಿಯ ಕ್ಲಿನಿಕಲ್ ಟ್ರಯಲ್ ಇದೆ, ಸ್ಕ್ರೀನಿಂಗ್‌ಗೆ ಬನ್ನಿ ಅಂತ ಡಾಕ್ಟರ್ ಕರೆದರೆ ಪಕ್ಕದಲ್ಲಿ ಕೂರೋದೂ ನಾವೇ.

ಸ್ಕ್ರೀನಿಂಗ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಪ್ಲೇಸ್‌ಮೆಂಟ್. ಕಟ್‌ಆಫ್ ದಾಟಬೇಕು, ಮೈನಸ್ ಪಾಯಿಂಟ್ ಬಾಯಿಬಿಡಬಾರದು. ಆಸ್ಪತ್ರೆಯಲ್ಲಿ ಈ ಬುದ್ಧಿ ಅಪಾಯ. ಅಪ್ಪ ಬೆಳಿಗ್ಗೆ ಕುಡಿಯೋ ಹಾಗಲಕಾಯಿ ರಸ, ಊರಿನ ಪಂಡಿತರು ಕೊಟ್ಟ ಚೂರ್ಣ, ಚೀಟಿ ಇಲ್ಲದೆ ತಂದು ನುಂಗೋ ಮಂಡಿನೋವಿನ ಮಾತ್ರೆ, ಎಲ್ಲವನ್ನೂ ಹೇಳಬೇಕು. ಹಾಗಲಕಾಯಿ ರಸ ಔಷಧಿ ಜೊತೆ ಸೇರಿ ಶುಗರ್ ಬೇಕಾದ್ದಕ್ಕಿಂತ ಇಳಿಸಬಹುದು, ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು. ಆಯ್ಕೆ ಆಗಲಿಲ್ಲ ಅಂದರೆ ಅಪ್ಪ ಫೇಲಾದರು ಅಂತಲ್ಲ. ಹಿಂದಿನ ರಾತ್ರಿಯೇ ಡಬ್ಬಿ, ಪೊಟ್ಟಣ, ಹಳೇ ರಿಪೋರ್ಟ್ ಎಲ್ಲ ಒಂದು ಚೀಲಕ್ಕೆ ಹಾಕಿಡೋಣ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ, ಬೆಳಗಿನ ಮಾತ್ರೆ ತಗೋಬೇಕಾ ಅನ್ನೋದನ್ನ ಫೋನ್ ಮಾಡಿ ಕೇಳಬೇಕು. ಗೂಗಲ್ ನೋಡಿ ನಾವೇ ತೀರ್ಮಾನಿಸೋ ವಿಷಯ ಅದಲ್ಲ.

ಇನ್ನು ಒಪ್ಪಿಗೆ ಪತ್ರ. ಟ್ರಯಲ್‌ಗೋಸ್ಕರ ಒಂದು ಹನಿ ರಕ್ತ ತೆಗೆಯೋ ಮೊದಲೇ ಇದಕ್ಕೆ ಸಹಿ ಆಗಿರಬೇಕು. ಆ್ಯಪ್ ಹಾಕುವಾಗ 'ಐ ಅಗ್ರೀ' ಒತ್ತಿದ ಹಾಗಲ್ಲ. ಕನ್ನಡದ ಪ್ರತಿಯನ್ನೇ ಕೇಳೋಣ (ಕನ್ನಡ ಸಂಘದವರು ಇನ್ನೇನು ಹೇಳ್ತಾರೆ ಅನ್ನಬೇಡಿ!). ರೋಗಿಗೆ ಅರ್ಥವಾಗೋ ಭಾಷೆಯಲ್ಲೇ ಮಾಹಿತಿ ಕೊಡಬೇಕು ಅಂತ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳೇ ಹೇಳುತ್ತವೆ. ನಾವು ಅರ್ಧಂಬರ್ಧ ಅನುವಾದ ಮಾಡಿ 'ಏನಿಲ್ಲಪ್ಪ, ಸೈನ್ ಹಾಕಿ' ಅಂದುಬಿಟ್ಟರೆ ಅಪ್ಪನ ಒಪ್ಪಿಗೆ ಎಲ್ಲಿ ಬಂತು?

ಆ ಪತ್ರದಲ್ಲಿ ವಾರ್ಷಿಕ ಆದಾಯ, ನಾಮಿನಿ ಹೆಸರು ಕೇಳೋ ಸಾಲುಗಳೂ ಇರುತ್ತವೆ. ಟ್ರಯಲ್‌ನಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಸೇರಬೇಕು ಅನ್ನೋದಕ್ಕೆ ಆ ನಾಮಿನಿ. ಓದಿದ ಅಮ್ಮ ಗಾಬರಿ ಆಗೋದು ಸಹಜ. ಹಾಗಂತ ಆ ಸಾಲನ್ನ ಹಾರಿಸಿ ಓದೋ ಹಕ್ಕು ನಮಗಿಲ್ಲ. ತೊಂದರೆ ಆದರೆ ಚಿಕಿತ್ಸೆ ಖರ್ಚು ಯಾರದು, ಔಷಧಿ ಇಲ್ಲದ ಪ್ಲಸೀಬೊ ಮಾತ್ರೆ ಸಿಗೋ ಸಾಧ್ಯತೆ ಇದೆಯಾ, ಈಗಿನ ಮಾತ್ರೆ ನಿಲ್ಲಿಸಬೇಕಾ, ಇಷ್ಟನ್ನಾದರೂ ಅಪ್ಪನ ಎದುರಲ್ಲೇ ಕೇಳಬೇಕು. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು ಅನ್ನೋದನ್ನೂ ಅವರಿಗೆ ಹೇಳಬೇಕು.

ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿದರೆ ಟ್ರಯಲ್ ವಿವರ ನಮ್ಮ ಮೊಬೈಲಲ್ಲೇ ಸಿಗುತ್ತೆ. 2009ರ ಜೂನ್ 15ರಿಂದ ಆ ನೋಂದಣಿ ಕಡ್ಡಾಯ. ಅಪ್ಪ 'ಮನೆಗೆ ಹೋಗಿ ಯೋಚನೆ ಮಾಡ್ತೀನಿ' ಅಂದರೆ, ಮಾಹಿತಿ ಪತ್ರ ತಗೊಂಡು ಬಸ್ ಹತ್ತೋಣ.