ಕಂಬಳಿ ಹೊದಿಸಿದ್ದು ಸಾಕು, ಕೊಳ್ಳಿ

ನಮ್ಮ ಬಂಕಾಪುರದ ಸುತ್ತಮುತ್ತ ಕಂಬಳಿಗೆ ಮರ್ಯಾದೆ ಕಡಿಮೆಯೇನಿಲ್ಲ. ಪಕ್ಕದ ಬಾಡ ಕನಕದಾಸರ ಹುಟ್ಟೂರು. ಅವರ ಚಿತ್ರ ಬರೆದವರು ಹೆಗಲ ಮೇಲಿನ ಕಂಬಳಿ ಮರೆಯುವುದಿಲ್ಲ. ಇನ್ನು ನಮ್ಮ ರಾಜಕಾರಣಿಗಳು! 2021ರ ಹಾನಗಲ್ ಉಪಚುನಾವಣೆಯಲ್ಲಿ ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ ಅಂತ ಬೊಮ್ಮಾಯಿಯವರಿಗೂ ಸಿದ್ದರಾಮಯ್ಯನವರಿಗೂ ಜಟಾಪಟಿಯೇ ನಡೆಯಿತು. ಆ ಗದ್ದಲದಲ್ಲಿ ನನಗೆ ಅನಿಸಿದ್ದು ಒಂದೇ... ನೇಯುವವನ ಮಾತು ಯಾರಾದರೂ ಆಡಿದರಾ?

ಕಂಬಳಿ ಅಂದರೆ ಹಾಸೂ ಉಣ್ಣೆ, ಹೊಕ್ಕೂ ಉಣ್ಣೆ. ದಖ್ಖನಿ ಕುರಿಯ ಒರಟು ಉಣ್ಣೆ, ಕಪ್ಪು ಬಣ್ಣವೂ ಕುರಿಯದ್ದೇ. ಕತ್ತರಿಸಿ, ಹಿಂಜಿ, ರಾಟಿಯಲ್ಲಿ ನೂತು, ಹಾಸನ್ನು ಬೀದಿಯುದ್ದ ಎಳೆದು ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಬೇಕು. ಆಮೇಲೆ ಗುಂಡಿ ಮಗ್ಗ. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಈ ಕಂಬಳಿಗೆ ಹೆಸರುವಾಸಿ.

ಈಗ ಅಂಗಡಿಯಲ್ಲಿ ಕಂಬಳಿ ಕೇಳಿದರೆ ಮಿರಿಮಿರಿ ಹೊಳೆಯುವ ಪಾಲಿಯೆಸ್ಟರ್ ರಗ್ಗು ಕೈಗಿಡುತ್ತಾರೆ. ಇಲ್ಲವೇ ಹಳೇ ಬಟ್ಟೆ ಹರಿದು ನೂಲು ಮಾಡಿದ ಪಾಣಿಪತ್ತಿನ ಹೊದಿಕೆ. ಅತ್ತ ಕುರಿಗಾರರೂ ಮಾಂಸಕ್ಕೆ ಹೆಚ್ಚು ತೂಗುವ, ಉಣ್ಣೆಯಿಲ್ಲದ ತಳಿಗಳತ್ತ ವಾಲುತ್ತಿದ್ದಾರೆ. ತಪ್ಪೇನಿಲ್ಲ ಬಿಡಿ, ಉಣ್ಣೆ ಮಾರಿದ ದುಡ್ಡು ಕತ್ತರಿಸಿದ ಕೂಲಿಗೂ ಸಾಲದಿದ್ದರೆ ಅವರಾದರೂ ಏನು ಮಾಡಬೇಕು? ಆದರೆ ಕುರಿ ಬದಲಾದ ಮೇಲೆ ಮಗ್ಗಕ್ಕೆ ಎಷ್ಟು ಸಾಲ, ಸಹಾಯಧನ ಕೊಟ್ಟರೂ ನೇಯುವುದು ಯಾವುದನ್ನು?

"ಕಂಬಳಿ ಚುಚ್ಚುತ್ತೆ ರೀ" ಅಂತೀರಿ. ನಿಜ, ಚುಚ್ಚುತ್ತೆ. ಮೇಲೊಂದು ಹತ್ತಿಯ ದುಪ್ಪಟಿ ಹಾಸಿಕೊಳ್ಳಿ. ಇಲ್ಲವೇ ನೆಲಕ್ಕೆ ಹಾಸಿ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿದರೂ ಒದ್ದೆ ಅನಿಸುವುದಿಲ್ಲ, ಕಿಡಿ ಬಿದ್ದರೆ ಪಾಲಿಯೆಸ್ಟರಿನಂತೆ ಕರಗಿ ಮೈಗಂಟುವುದೂ ಇಲ್ಲ. ಕುರಿ ಹಿಂದೆ ಮಳೆಯಲ್ಲಿ ತಿರುಗುವವರು ಇದನ್ನು ಸುಮ್ಮನೆ ಹೊದ್ದದ್ದಲ್ಲ.

ನನ್ನ ಅಭಿಪ್ರಾಯ ಇಷ್ಟೇ. ವೇದಿಕೆಯ ಮೇಲೆ ಹೊದಿಸುವ ಒಂದು ಕಂಬಳಿ ಫೋಟೋಕ್ಕೆ ಸಾಕು, ನೇಕಾರನ ಒಲೆಗೆ ಸಾಲದು. ಸರ್ಕಾರ ತನ್ನ ಹಾಸ್ಟೆಲುಗಳಿಗೆ ಹೊದಿಕೆ ಕೊಳ್ಳುವಾಗ ಸ್ವಲ್ಪ ಪಾಲನ್ನು ಕೈಮಗ್ಗದ ಕಂಬಳಿಗೆ ಮೀಸಲಿಡಲಿ. ನಾವು ಮನೆಗೊಂದು ಕೊಳ್ಳೋಣ, ಅದೂ ಚೌಕಾಸಿ ಮಾಡದೆ. ಮದುವೆಗೆ ಉಡುಗೊರೆ ಕೊಟ್ಟರೂ ಆದೀತು. ಕರಿಕಂಬಳಿ ಗದ್ದಿಗೆಗೆ ಕೈ ಮುಗಿಯುವ ನಾವು ಅದನ್ನು ನೇಯ್ದವನಿಗೆ ಕೂಲಿ ಕೊಡಲು ಹಿಂದೆಮುಂದೆ ನೋಡುವುದು ಯಾವ ಭಕ್ತಿ?

ನಿಮ್ಮ ಊರ ಕಡೆ ಮಗ್ಗ ಇನ್ನೂ ಸದ್ದು ಮಾಡುತ್ತಿದೆಯಾ? ಗೊತ್ತಿದ್ದರೆ ಬರೆಯಿರಿ... ಕೊಳ್ಳುವವರಿಗೆ ದಾರಿಯಾದರೂ ಆದೀತು.