ಮಾವಿಗೆ ಬಾಯಾರಿಕೆಯೂ ಬೇಕು

ಬಯಲುಸೀಮೆಯಲ್ಲೂ ಸೇಬು ಬೆಳೆಯಬಹುದೆಂಬ ಸುದ್ದಿ ಹಬ್ಬಿದ ಮೇಲೆ ಮನೆಯ ಹಿತ್ತಲಿಗೂ ಒಂದು ಸೇಬಿನ ಸಸಿ ತರುವ ಉತ್ಸಾಹ ಹೆಚ್ಚಿದೆ. ಇಸ್ರೇಲಿನ ‘ಅನ್ನಾ’, ಬಹಾಮಾಸಿನ ‘ಡಾರ್ಸೆಟ್ ಗೋಲ್ಡನ್’, ಹಿಮಾಚಲದ ರೈತ ಹರಿಮನ್ ಶರ್ಮಾ ಬೆಳಕಿಗೆ ತಂದ ‘ಎಚ್‌ಆರ್‌ಎಂಎನ್-99’ ಇವೆಲ್ಲ ಸ್ವಲ್ಪವೇ ಚಳಿ ಸಾಕೆನ್ನುವ ತಳಿಗಳು. ಆ ಸ್ವಲ್ಪವಾದರೂ ನಮ್ಮಲ್ಲಿ ಸಿಗುತ್ತದೆಯೇ? 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎಷ್ಟು ಗಂಟೆ ಕಳೆಯಿತು ಎಂಬುದು ಸೇಬಿನ ಚಳಿಯ ಹಳೆಯ ಲೆಕ್ಕ. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.7 ಡಿಗ್ರಿ, ಅದೂ 2012ರ ಜನವರಿ 16ರಂದು. ಆ ಲೆಕ್ಕದಲ್ಲಿ ಚಾಮರಾಜಪುರಂನ ಹಿತ್ತಲಿಗೆ ದಕ್ಕುವ ಚಳಿ ಸೊನ್ನೆ. ಹಾಗೆಂದು ಹಣ್ಣು ಅಸಾಧ್ಯವೇನೂ ಅಲ್ಲ. ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿ ಕೊಯ್ಲು ಮುಗಿದೊಡನೆ ಸೇಬಿನ ಎಲೆಗಳನ್ನೆಲ್ಲ ಕೈಯಿಂದಲೇ ಕಿತ್ತು, ಮರಕ್ಕೆ ಚಳಿಗಾಲ ಕಳೆಯಿತೆಂದು ನಂಬಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅಷ್ಟು ವ್ಯವಧಾನ ಇರುವವರು ಮಾಡಲಿ. ಇಲ್ಲದ ಚಳಿಗಾಲವನ್ನು ನಟಿಸುವ ಮೊದಲು, ಇಲ್ಲಿ ಇರುವ ಚಳಿಗಾಲ ಯಾವುದೆಂದು ನೋಡುವುದು ಮೇಲು ಎಂದು ನನ್ನ ಎಣಿಕೆ.

ಮೈಸೂರಿನ ಮರಗಳ ಪಾಲಿಗೆ ಚಳಿಗಾಲವೆಂದರೆ ಒಣಗಾಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರ ಜೋರು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಈ ನಾಲ್ಕು ತಿಂಗಳನ್ನು ತೋಟದ ಶತ್ರುವೆಂದು ಬಗೆಯುವುದು ವಾಡಿಕೆ. ಆದರೆ ಮಾವು ಹೂ ಬಿಡಬೇಕಾದರೆ ಕೊಂಬೆಯ ತುದಿಗಳು ಕೆಲವು ತಿಂಗಳು ಹೊಸ ಚಿಗುರಿಲ್ಲದೆ ಬಲಿಯಬೇಕು; ಆಮೇಲೆ ತಂಪು ರಾತ್ರಿಗಳು ಬರಬೇಕು. ನಮ್ಮ ಡಿಸೆಂಬರ್–ಜನವರಿಯ ರಾತ್ರಿಗಳು ಸರಾಸರಿ 16–17 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಸೇಬಿಗೆ ಇದು ಏನೇನೂ ಸಾಲದು, ಮಾವಿಗೆ ಹೆಚ್ಚುಕಡಿಮೆ ಸಾಕು. ತಂಪು ಹೂವನ್ನು ಹೊರಡಿಸಿದರೆ, ಚಿಗುರನ್ನು ಹಿಡಿದು ನಿಲ್ಲಿಸುವ ಕೆಲಸ ಒಣ ನೆಲದ್ದು. ನಿಂಬೆಯ ಜಾತಿಯಲ್ಲಂತೂ ನೀರಿನ ಕೊರತೆಯೊಂದೇ ಹೂವಿಗೆ ಪ್ರೇರಣೆಯಾಗಬಲ್ಲದು. ಸಿಸಿಲಿಯ ರೈತರು ಬೇಸಿಗೆಯಲ್ಲಿ ನಿಂಬೆತೋಟದ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಧಾರಾಳವಾಗಿ ಹಾಯಿಸಿ, ಅಕಾಲದಲ್ಲಿ ಹೂ ಬರಿಸುತ್ತಾರೆ. ನಮ್ಮ ದಾಳಿಂಬೆ, ಸೀಬೆ ಬೆಳೆಗಾರರ ‘ಬಹಾರ್’ ಪದ್ಧತಿಯ ತಿರುಳೂ ಇದೇ. ಅದರಲ್ಲಿ ಜನವರಿ–ಫೆಬ್ರವರಿಯಲ್ಲಿ ಹೂವಾಗುವ ಅಂಬೆ ಬಹಾರ್ ಮೈಸೂರಿಗೆ ಒಗ್ಗುತ್ತದೆ. ಮೃಗಶಿರಾ ಮಳೆಗೆ ಹೂ ಬರಿಸುವ ಮೃಗ ಬಹಾರ್‌ಗೆ ಅದರ ಹಿಂದಿನ ಒಣಗು ಬೇಕು. ಇಲ್ಲಿ ಮೇ ಮಳೆ ಅದನ್ನು ಕೆಡಿಸುತ್ತದೆ.

ಇನ್ನು ಚಾಮರಾಜಪುರಂನಂಥ ಹಳೆಯ ಬಡಾವಣೆಯ ಹಿತ್ತಲನ್ನು ನೆನೆಯೋಣ. ತೆಂಗು, ಬಾಳೆ, ಮಾವು, ಕರಿಬೇವು ಒಂದರ ಮಗ್ಗುಲಲ್ಲಿ ಒಂದು. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಸಂಜೆ ಪೈಪು ಹಿಡಿದು ಬಿಟ್ಟ ನೀರು ಎಲ್ಲಕ್ಕೂ ಸಮಪಾಲು. ತೆಂಗು–ಬಾಳೆಗಳು ಇದರಿಂದ ಕೊಬ್ಬುತ್ತವೆ, ಅವುಗಳ ಸ್ವಭಾವವೇ ಅದು. ಮಾವು ಮಾತ್ರ ಮತ್ತೆ ಮತ್ತೆ ಚಿಗುರಿ ನೆರಳು ಕೊಟ್ಟು ನಿಲ್ಲುತ್ತದೆ. ಆಗ ಮನೆಯವರು ತಳಿಯನ್ನೋ ಹವೆಯನ್ನೋ ದೂರುತ್ತಾರೆ, ಗೊಡ್ಡುಮರವೆಂದು ಹೆಸರಿಡುತ್ತಾರೆ. ತಪ್ಪು ಬಹುಪಾಲು ನೀರಿನ ಹಂಚಿಕೆಯದು. ಹಿತ್ತಲಿನಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ನೀರು ಎಲ್ಲಿಗೆ ಹೋಗಕೂಡದು ಎಂಬುದನ್ನು. ಬಚ್ಚಲ ಕಡೆಗೆ ತೆಂಗು, ಬಾಳೆ, ಪರಂಗಿ. ಎದುರು ಮೂಲೆಯಲ್ಲಿ ಮಾವು, ಸೀಬೆ, ನಿಂಬೆ. (ಬಾಳೆಯೆಂದರೆ ನಂಜನಗೂಡು ರಸಬಾಳೆಯೇ ಆಗಬೇಕೆನ್ನುವವರು ಪನಾಮಾ ಸೊರಗು ರೋಗಕ್ಕೂ ಸಿದ್ಧರಿರಬೇಕು.) ನಲವತ್ತು–ಅರವತ್ತರ ನಿವೇಶನದಲ್ಲಿ ಬೇರುಗಳು ಮೂಲೆ ನೋಡಿ ನಿಲ್ಲುತ್ತವೆಯೇ ಎಂದು ಯಾರಾದರೂ ಕೇಳಿಯಾರು. ನಿಲ್ಲುವುದಿಲ್ಲ. ಅಂಥ ಕಡೆ ತೆಂಗು, ಮಾವುಗಳಲ್ಲಿ ಒಂದನ್ನು ಬಿಡುವುದೇ ಸರಿ.

ಬರಗಾಲದ ನಾಡಿನಲ್ಲಿ ಮರಕ್ಕೆ ನೀರು ಕೊಡಬೇಡಿ ಎನ್ನುವುದು ಕ್ರೌರ್ಯವಲ್ಲವೇ ಎಂಬ ಆಕ್ಷೇಪಣೆಯೂ ಉಂಟು. ಎಳೆಯ ಸಸಿಯ ಮಟ್ಟಿಗೆ ಅದು ನಿಜ. ಮೊದಲ ಮೂರು ವರ್ಷ ಬೇಸಿಗೆಯಲ್ಲಿ ತಪ್ಪದೆ ನೀರುಣಿಸಬೇಕು. ಫಲಕ್ಕೆ ಬಂದ ಮರಕ್ಕೂ ನಿರ್ಬಂಧ ಹೂ ಬರುವ ತನಕ ಮಾತ್ರ. ಮಿಡಿ ಬಟಾಣಿ ಗಾತ್ರವಾದ ಮೇಲೆ ವಾರಕ್ಕೊಮ್ಮೆ ಪಾತಿ ತುಂಬ ನೀರು ಕೊಟ್ಟರೆ ಉದುರುವುದು ಕಡಿಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಮಳೆಯ ಕಡೆಯಿಂದ ಬರುತ್ತದೆ. 2021ರ ನವೆಂಬರಿನಲ್ಲಿ ದಕ್ಷಿಣ ಕರ್ನಾಟಕದಲ್ಲಿ ಸುರಿದಂಥ ಅಕಾಲಿಕ ಮಳೆಯ ಮುಂದೆ ಯಾರ ನಲ್ಲಿ ಮುಚ್ಚಿದ್ದರೇನು? ಅಂಥ ವರ್ಷ ಹೂ ತಡವಾಗುತ್ತದೆ, ಕೆಲವು ಕೊಂಬೆ ಖಾಲಿಯೇ ಉಳಿಯುತ್ತದೆ. ವಾಣಿಜ್ಯ ತೋಟಗಾರರು ಇದಕ್ಕೆಂದೇ ಬುಡಕ್ಕೆ ಪ್ಯಾಕ್ಲೊಬ್ಯುಟ್ರಜಾಲ್ ಹಾಕುತ್ತಾರೆ. ಚಿಗುರು ಬೆಳೆಸುವ ಜಿಬ್ಬರೆಲಿನ್ ಹಾರ್ಮೋನನ್ನು ಅದು ತಡೆಯುತ್ತದೆ, ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಪಕ್ಕದಲ್ಲೇ ಸೊಪ್ಪು ಬೆಳೆಯುವ ಹಿತ್ತಲಿಗೆ ಅದು ಸಲ್ಲದು. ಒಂದು ವರ್ಷದ ಫಸಲು ಹೋದರೆ ಹೋಗಲಿ.

ಇಷ್ಟು ಮಾಡಿಯೂ ಬಗೆಹರಿಯದ ತೊಡಕೊಂದಿದೆ. ಸಣ್ಣ ನಿವೇಶನಕ್ಕೆ ಹೇಳಿ ಮಾಡಿಸಿದ ಮಾವು ‘ಆಮ್ರಪಾಲಿ’. ದಶಹರಿ, ನೀಲಂ ಕೂಡಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಈ ಗಿಡ್ಡ ತಳಿಯನ್ನು ಎರಡೂವರೆ ಮೀಟರಿಗೊಂದರಂತೆ ನೆಡಬಹುದು. ಆದರೆ ಅದು ತಡವಾಗಿ ಮಾಗುವ ಹಣ್ಣು. ಮೇ ಮಳೆಯ ನಂತರ ಹಣ್ಣಿನ ನೊಣ ಹೆಚ್ಚುತ್ತದೆ. ಬೇಗ ಮಾಗುವ ಬಾದಾಮಿ ಒಂದಿಷ್ಟು ಪಾರಾಗುತ್ತದೆ, ಆಮ್ರಪಾಲಿ ಸಿಕ್ಕಿಬೀಳುತ್ತದೆ. ಬಾದಾಮಿಯ ಮರವೋ ಕಾಂಪೌಂಡು ಮೀರಿ ಬೆಳೆಯುತ್ತದೆ, ವರ್ಷ ಬಿಟ್ಟು ವರ್ಷ ಫಲ ಕೊಡುತ್ತದೆ. ಜಾಗ ಚಿಕ್ಕದಿದ್ದರೆ ಆಮ್ರಪಾಲಿಯೇ ಇರಲಿ ಎಂದು ನಾನು ಹೇಳುವೆ: ಗಿಡ್ಡ ಮರದ ಕಾಯಿಗಳಿಗೆ ನೆಲದ ಮೇಲೆ ನಿಂತೇ ಕಾಗದದ ಚೀಲ ಕಟ್ಟಬಹುದು.